ನ್ಯೂಯಾರ್ಕ್ 1935: ಗ್ಯಾಲರಿಯೊಳಗೆ ಬಂದ ನೇಣಿನ ಹಗ್ಗ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

"ಕಲೆಯಲ್ಲಿ ಜಾತಿ ತರಬೇಡಿ, ಚಿತ್ರವನ್ನ ಚಿತ್ರವಾಗಿ ನೋಡಿ." ನಮ್ಮ ಹುಡುಗರು ಎಲ್ಲಿ ಕುಂಚ ಹಿಡಿದರೂ ಈ ಬುದ್ಧಿವಾದ ತಪ್ಪಿದ್ದಲ್ಲ. ಇದು ಇಲ್ಲೇ ಹುಟ್ಟಿದ ಮಾತೇನಲ್ಲ. ತೊಂಬತ್ತು ವರ್ಷದ ಹಿಂದೆ ಅಮೆರಿಕದ ಕಪ್ಪು ಜನರಿಗೂ ಇದೇ ಥರ ಬಾಗಿಲು ಹಾಕಿದ್ದರು.

ಆಗ ಅಲ್ಲಿ ಲಿಂಚಿಂಗ್ ಅನ್ನೋದು ಬಹುತೇಕ ಜಾತ್ರೆಯಂತೆ ನಡೀತಿತ್ತು. ಗುಂಪು ಸೇರಿ ಕಪ್ಪು ಮನುಷ್ಯನನ್ನ ಮರಕ್ಕೆ ನೇತು ಹಾಕೋದು, ಸುಡೋದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೊಳ್ಳೋದು. ಆ ಫೋಟೋಗಳು ಪೋಸ್ಟ್ ಕಾರ್ಡ್ ಆಗಿ ಮಾರಾಟವಾಗ್ತಿದ್ದವು. ಟಸ್ಕೆಗೀ ಸಂಸ್ಥೆ ಇಟ್ಟ ಲೆಕ್ಕದ ಪ್ರಕಾರ 1882ರಿಂದ 1968ರವರೆಗೆ 4,743 ಜನ ಹೀಗೆ ಸತ್ತರು, ಅದರಲ್ಲಿ 3,446 ಜನ ಕಪ್ಪು ಜನ. ಇದು ದಾಖಲೆಗೆ ಬಿದ್ದ ಲೆಕ್ಕ ಅಷ್ಟೇ. ದಿನಾ ಫೈಲು ತಿರುವೋ ನನ್ನಂಥವನಿಗೆ ಗೊತ್ತು, ದಾಖಲೆಗೆ ಬೀಳೋದು ಎಷ್ಟು, ಬೀಳದೆ ಉಳಿಯೋದು ಎಷ್ಟು ಅಂತ.

ಎನ್‌ಎಎಸಿಪಿ ಅನ್ನೋ ಸಂಘಟನೆಯ ಕಾರ್ಯದರ್ಶಿ ವಾಲ್ಟರ್ ವೈಟ್ ಅವರದ್ದು ವಿಚಿತ್ರ ಬದುಕು. ಕಪ್ಪು ಜನಾಂಗದವರಾದರೂ ನೋಡೋಕೆ ಬಿಳಿ ಚರ್ಮ, ನೀಲಿ ಕಣ್ಣು. ಬಿಳಿಯರ ವೇಷದಲ್ಲೇ ಕೊಲೆ ನಡೆದ ಊರುಗಳಿಗೆ ಹೋಗಿ, ಕೊಂದವರ ಬಾಯಿಂದಲೇ ವಿವರ ತೆಗೆದು ಬರ್ತಿದ್ದರು. (ಬಾಡಿಗೆ ಮನೆಗೋಸ್ಕರ ಜಾತಿ ಮುಚ್ಚಿಟ್ಟವರಿಗೆ ಈ ಕಷ್ಟ ಅರ್ಥ ಆಗುತ್ತೆ. ಇವರು ಪ್ರಾಣ ಒತ್ತೆ ಇಟ್ಟು ಮಾಡಿದರು ನೋಡಿ.) ಲಿಂಚಿಂಗ್ ವಿರುದ್ಧ ಕಾಸ್ಟಿಗನ್–ವ್ಯಾಗ್ನರ್ ಮಸೂದೆ ಸಂಸತ್ತಿನ ಮುಂದಿತ್ತು. ಅದಕ್ಕೆ ಬೆಂಬಲ ಬೇಕು. ಭಾಷಣ, ವರದಿ ಎಲ್ಲಾ ಆಗಿತ್ತು. ವೈಟ್ ಅವರಿಗೆ ಹೊಳೆದಿದ್ದು ಚಿತ್ರ ಪ್ರದರ್ಶನ. ಅದೂ ಮ್ಯಾನ್‌ಹ್ಯಾಟನ್‌ನ 57ನೇ ಬೀದಿಯ ಕಡೆ, ದುಡ್ಡಿರೋರು ಓಡಾಡೋ ಜಾಗದಲ್ಲಿ.

ಮೊದಲು ಒಪ್ಪಿಕೊಂಡಿದ್ದ ಸೆಲಿಗ್‌ಮನ್ ಗ್ಯಾಲರಿ ಕೊನೇ ಗಳಿಗೆಯಲ್ಲಿ ಕೈ ಎತ್ತಿತು. ಆಮೇಲೆ ಆರ್ಥರ್ ನ್ಯೂಟನ್ ಗ್ಯಾಲರಿ ಜಾಗ ಕೊಟ್ಟಿತು. 1935ರ ಫೆಬ್ರವರಿ 15ಕ್ಕೆ ಶುರುವಾಗಿ ಎರಡು ವಾರ ನಡೆಯಿತು. 30ಕ್ಕೂ ಹೆಚ್ಚು ಕಲಾವಿದರು, ಕಪ್ಪು ಬಿಳಿ ಇಬ್ಬರೂ. ಅಧ್ಯಕ್ಷರ ಹೆಂಡತಿ ಎಲೀನರ್ ರೂಸ್‌ವೆಲ್ಟ್ ಕೂಡ ಸದ್ದಿಲ್ಲದೆ ಬಂದು ನೋಡಿ ಹೋದರು. ಗಂಡ ಮಾತ್ರ ಆ ಮಸೂದೆ ಪರವಾಗಿ ಗಟ್ಟಿಯಾಗಿ ನಿಲ್ಲಲಿಲ್ಲ.

ಒಳಗಡೆ ಏನಿತ್ತು? ಇಸಾಮು ನೊಗುಚಿ ಮಾಡಿದ ಲೋಹದ ಮೈ, ಸಂಕಟದಲ್ಲಿ ಮುರುಟಿಕೊಂಡು ನಿಜವಾದ ಹಗ್ಗದಲ್ಲಿ ನೇತಾಡ್ತಿತ್ತು. ಇದಕ್ಕೆ ಆಧಾರ 1930ರಲ್ಲಿ ಟೆಕ್ಸಸ್‌ನಲ್ಲಿ ಸುಡಲ್ಪಟ್ಟ ಜಾರ್ಜ್ ಹ್ಯೂಸ್ ಅನ್ನೋ ಕೂಲಿಯಾಳಿನ ಫೋಟೋ. ಒಬ್ಬ ದೊಡ್ಡ ವಿಮರ್ಶಕ ಈ ಕೃತಿಯನ್ನ ನೊಗುಚಿಯ ಜಪಾನಿ ಮೂಲ ಹಿಡಿದು ಗೇಲಿ ಮಾಡಿದ. ಚಿತ್ರವನ್ನ ಚಿತ್ರವಾಗಿ ನೋಡಿ ಅನ್ನೋರು ಮೊದಲು ನೋಡೋದೇ ಕಲಾವಿದನ ಕುಲ!

ನನ್ನ ಮನಸ್ಸಲ್ಲಿ ಕೂತಿರೋದು ರೆಜಿನಾಲ್ಡ್ ಮಾರ್ಷ್ ಬರೆದ ರೇಖಾಚಿತ್ರ. ಅದರಲ್ಲಿ ಹೆಣ ಇಲ್ಲ, ಹಗ್ಗ ಇಲ್ಲ, ಮರಾನೂ ಇಲ್ಲ. ಇರೋದು ಬರೀ ಗುಂಪು. ಅದರ ನಡುವೆ ಒಬ್ಬ ಹೆಂಗಸು ಪುಟ್ಟ ಹುಡುಗಿಯನ್ನ ಮೇಲಕ್ಕೆ ಎತ್ತಿ ಹಿಡಿದಿದ್ದಾಳೆ, ತೇರು ತೋರಿಸೋ ಹಾಗೆ. ಇದು ಮಗುವಿನ ಮೊದಲನೇ ಲಿಂಚಿಂಗ್ ಅಂತ ಶೀರ್ಷಿಕೆ. ಸತ್ತವನನ್ನ ತೋರಿಸಿದ್ದರೆ ಅಯ್ಯೋ ಪಾಪ ಅಂದು ಮನೆಗೆ ಹೋಗಬಹುದಿತ್ತು. ಇಲ್ಲಿ ನೋಡೋರಿಗೆ ಕಾಣಿಸೋದು ನೋಡೋರದ್ದೇ ಮುಖ. ನಮ್ಮ ಮೇಲಿನ ದೌರ್ಜನ್ಯದ ಫೋಟೋಗಳನ್ನ ವಾಟ್ಸಾಪಲ್ಲಿ ಹಂಚುವಾಗ ಸುತ್ತ ನಿಂತಿದ್ದವರನ್ನ ಕತ್ತರಿಸಿ, ಬಿದ್ದವರನ್ನ ಮಾತ್ರ ಉಳಿಸ್ತೀವಲ್ಲ, ಅದು ಯಾಕೆ ಅಂತ ಯೋಚನೆಗೆ ಹಚ್ಚಿದ್ದು ಈ ಚಿತ್ರ.

ಕಪ್ಪು ಕಲಾವಿದ ಹೇಲ್ ವುಡ್ರಫ್ ಮಾಡಿದ ಅಚ್ಚುಚಿತ್ರವೂ ಇತ್ತು. ಕೊರಳಲ್ಲಿ ಹಗ್ಗ ಇರೋ ಹೆಣವನ್ನ ಯಾರೋ ಚರ್ಚಿನ ಮೆಟ್ಟಿಲ ಮೇಲೆ ಹಾಕಿ ಹೋಗಿದ್ದಾರೆ. ಹೆಸರು 'ಅಪರಿಚಿತರಿಂದ'. ಊರೆಲ್ಲಾ ನೋಡಿದ ಕೊಲೆಗೂ ಅಲ್ಲಿನ ಅಧಿಕಾರಿಗಳು ಬರೀತಿದ್ದ ಷರಾ ಅದೇ, ಕೊಂದವರು ಅಪರಿಚಿತರು ಅಂತ. ಓದುವಾಗ ಕಂಬಾಲಪಲ್ಲಿ ನೆನಪಾಗದೆ ಇರುತ್ತಾ? 2000ದ ಮಾರ್ಚ್ 11ರಂದು ಏಳು ಜನರನ್ನ ಸುಟ್ಟು ಹಾಕಿದರು. 2006ರಲ್ಲಿ ಆರೋಪಿಗಳೆಲ್ಲಾ ಖುಲಾಸೆ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಹಾಗಾದರೆ ಬೆಂಕಿ ಇಟ್ಟವರು ಯಾರು? ಅಪರಿಚಿತರು.

ಬಾಬಾಸಾಹೇಬರು 1913ರಿಂದ 16ರವರೆಗೆ ಓದಿದ್ದು ಇದೇ ನ್ಯೂಯಾರ್ಕ್‌ನ ಕೊಲಂಬಿಯಾದಲ್ಲಿ. 1946ರಲ್ಲಿ ಅವರು ಎನ್‌ಎಎಸಿಪಿ ಸ್ಥಾಪಕರಲ್ಲಿ ಒಬ್ಬರಾದ ಡುಬೊಯ್ಸ್ ಅವರಿಗೆ ಕಾಗದ ಬರೆದು, ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿದರು. ಆ ಹೋರಾಟ ನಮಗೆ ಬೇರೆ ಊರಿನ ಸುದ್ದಿ ಅಲ್ಲ.

2000ದ ಜನವರಿಯಲ್ಲಿ ಅದೇ ನ್ಯೂಯಾರ್ಕ್‌ನ ಒಂದು ಪುಟ್ಟ ಗ್ಯಾಲರಿ ಆ ಹಳೇ ಪೋಸ್ಟ್ ಕಾರ್ಡುಗಳನ್ನೇ ಪ್ರದರ್ಶನಕ್ಕಿಟ್ಟಿತು. ಜನ ಚಳಿಯಲ್ಲಿ ಸಾಲು ನಿಂತು ನೋಡಿದರು.

ಮಸೂದೆ ಏನಾಯ್ತು ಅಂತ ಕೇಳಬಹುದು. 1935ರಲ್ಲಿ ದಕ್ಷಿಣದ ಸೆನೆಟರ್‌ಗಳು ಗಂಟೆಗಟ್ಟಲೆ ಮಾತಾಡಿ ಮಾತಾಡಿಯೇ ಅದನ್ನ ಮುಳುಗಿಸಿದರು. ಲಿಂಚಿಂಗ್ ವಿರುದ್ಧ ಕೇಂದ್ರ ಕಾಯ್ದೆ ಬಂದಿದ್ದು 2022ರ ಮಾರ್ಚ್ 29ಕ್ಕೆ, ಎಮೆಟ್ ಟಿಲ್ ಹೆಸರಿನಲ್ಲಿ. 14 ವರ್ಷದ ಆ ಹುಡುಗನನ್ನ ಕೊಂದಿದ್ದು 1955ರ ಆಗಸ್ಟ್‌ನಲ್ಲಿ. ವಾಲ್ಟರ್ ವೈಟ್ ತೀರಿಕೊಂಡು ಆಗ ಐದು ತಿಂಗಳಾಗಿತ್ತು.