ಮೇಜಿನ ಗುಬಟು

ನಾನು ಕುಳಿತು ಬರೆಯುವ ಮೇಜು ನಮ್ಮ ತಾತನ ಕಾಲದ್ದು. ಎಡಕ್ಕೆ ಮೂರು, ಬಲಕ್ಕೆ ಮೂರು, ಒಟ್ಟು ಆರು ಡ್ರಾಯರು. ಹಿಡಿದು ಎಳೆಯುವುದಕ್ಕೆ ಒಂದೊಂದಕ್ಕೂ ಒಂದೊಂದು ಮರದ ಗುಬಟು. ಕಳೆದ ವರ್ಷ ಮನೆ ಬದಲಾಯಿಸುವ ಗಲಾಟೆಯಲ್ಲಿ ಅವುಗಳಲ್ಲೊಂದು ಎಲ್ಲಿಯೋ ಬಿದ್ದುಹೋಯಿತು. ಕಳೆದುಹೋದಾಗಲೇ ಅದರ ಬೆಲೆ ಗೊತ್ತಾದದ್ದು. ಡ್ರಾಯರನ್ನು ತೆರೆಯಬೇಕಾದಾಗಲೆಲ್ಲ ಸಂದಿಯಲ್ಲಿ ಚಾಕು ತೂರಿಸಿ ಮೀಟಬೇಕಾಯಿತು. ಅಂಗಡಿಯಲ್ಲಿ ಕೇಳಿದರೆ ತಿರುಪಿನ ಮೊಳೆ ಹಾಕುವ ಉಕ್ಕಿನದೋ ಪ್ಲಾಸ್ಟಿಕ್ಕಿನದೋ ಮಾತ್ರ ಉಂಟು. ಐದು ಮುದುಕರ ನಡುವೆ ಒಬ್ಬ ಸೂಟುಬೂಟಿನ ಹುಡುಗನನ್ನು ಕೂರಿಸಲು ಮನಸ್ಸಾಗದೆ, ಉಳಿದವುಗಳಲ್ಲಿ ಒಂದನ್ನು ಮಾದರಿಗೆಂದು ಜೇಬಿನಲ್ಲಿಟ್ಟುಕೊಂಡು ಚನ್ನಪಟ್ಟಣಕ್ಕೆ ಹೋದೆ.

ಇಷ್ಟು ಅಲ್ಪ ವಸ್ತುವಿಗೆ ಚರಿತ್ರೆಯೆ ಎಂದು ವಾಚಕರು ಕೇಳಬಹುದು. ಹೋಗುವಾಗ ನಾನೂ ಹಾಗೆಯೇ ಎಣಿಸಿದ್ದೆ.

ನಾನು ಕಂಡ ಕಸಬುದಾರರು ವಯಸ್ಸಾದವರು. ಒಂದೇ ಅಂಕಣದ ಕೋಣೆ, ವಿದ್ಯುತ್ತಿನ ಒಂದು ಲೇತು, ಮೊಣಕಾಲುದ್ದ ಮರದ ಸಿಪ್ಪೆ. ನಾನು ಕೊಟ್ಟ ಗುಬಟನ್ನು ಅವರು ಬೆಳಕಿಗೆ ಹಿಡಿದು, ಉಗುರಿನಿಂದ ಅದರ ನೆತ್ತಿಯನ್ನು ಕೆರೆದು, "ಇದು ಈಗಿನದಲ್ಲ ಮೇಷ್ಟ್ರೇ, ಕಮಾನು ಹಾಕಿ ಕಡೆದದ್ದು" ಎಂದರು. ಹೇಗೆ ತಿಳಿಯಿತು ಎಂದೆ. ನೆತ್ತಿಯ ನಡುವೆ ಎಳ್ಳಿನಷ್ಟು ಒಂದು ಗುಳಿ ಇದ್ದಿತು; ಅರಗು ತುಂಬಿ ಮುಚ್ಚಿಹೋಗಿತ್ತು. ತಿರುಗಿಸಿ ತೋರಿಸಿದರು: ಡ್ರಾಯರಿನ ತೂತಿನೊಳಕ್ಕೆ ಹೋಗುವ ಬಾಲದ ತುದಿಯಲ್ಲಿಯೂ ಅಂಥದೇ ಇನ್ನೊಂದು. ಹಿಂದಿನ ತಿರುಗಣೆಯಲ್ಲಿ ಮರದ ತುಂಡನ್ನು ಎರಡು ಕಬ್ಬಿಣದ ಮೊನೆಗಳ ನಡುವೆ ಸಿಕ್ಕಿಸುತ್ತಿದ್ದರು. ಆ ಎರಡು ಮೊನೆಗಳ ಗುರುತು ಅದು. ಈಗಿನ ಲೇತಿನಲ್ಲಿ ತುಂಡಿನ ಒಂದೇ ತುದಿಯನ್ನು ಕಚ್ಚಿಸಿ ಕಡೆದು, ಕೊನೆಗೆ ಉಳಿಯಿಂದ ಕತ್ತರಿಸಿ ಇಳಿಸುತ್ತಾರೆ. ನೆತ್ತಿಯಲ್ಲಿ ಗುಳಿ ಬೀಳುವುದಿಲ್ಲ.

ಎರಡು ಮೊನೆಯ ಗುರುತಿದ್ದ ಮಾತ್ರಕ್ಕೆ ಕಮಾನೇ ಆಗಬೇಕೆಂದಿಲ್ಲ, ಕಾಲಿನಿಂದ ತುಳಿಯುವ ಚಕ್ರವೂ ಆಗಿರಬಹುದು ಎಂದು ನನ್ನೊಳಗಿನ ಪಂಡಿತ ತಕರಾರು ಎತ್ತಿದ. ಅದಿರಲಿ. ಚಿಕ್ಕಂದಿನಿಂದ ನಾನು ದಿನಕ್ಕೆ ಹತ್ತು ಸಲ ಹಿಡಿದೆಳೆದ ವಸ್ತುವಿನ ಮೇಲೆ ಅದರ ಹುಟ್ಟಿನ ದಾಖಲೆ ಬರೆದಿತ್ತು. ಶಾಸನ ಓದಲು ಮಕ್ಕಳಿಗೆ ಕಲಿಸುವ ನಾನು ಅದನ್ನು ಓದಿರಲಿಲ್ಲ.

ಕಮಾನಿನ ತಿರುಗಣೆಯನ್ನು ಕಾಣದವರಿಗಾಗಿ ಒಂದು ಮಾತು. ಕೆಲಸಗಾರ ನೆಲದ ಮೇಲೆ ಕೂರುತ್ತಾನೆ. ಕಮಾನಿನ ದಾರವನ್ನು ಮರದ ತುಂಡಿಗೆ ಒಂದು ಸುತ್ತು ಸುತ್ತಿ, ಒಂದು ಕೈಯಿಂದ ಕಮಾನನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾನೆ. ಇನ್ನೊಂದು ಕೈಯಲ್ಲಿ ಉಳಿ. ಅದು ಅಲುಗದಂತೆ ಕಾಲ್ಬೆರಳಿನ ಆಸರೆ. ಮರ ಒಮ್ಮೆ ಇತ್ತ, ಒಮ್ಮೆ ಅತ್ತ ತಿರುಗುತ್ತದೆ. ಉಳಿ ಮರವನ್ನು ಕೊಯ್ಯುವುದು ಅದು ತನ್ನ ಕಡೆಗೆ ತಿರುಗಿದಾಗ ಮಾತ್ರ. ಹಿಂದಿರುಗುವಾಗ ಉಳಿಯನ್ನು ಕೂದಲೆಳೆಯಷ್ಟು ಸಡಿಲಿಸಬೇಕು. ಅರ್ಧ ದುಡಿಮೆ ವ್ಯರ್ಥ. ಆ ವ್ಯರ್ಥವಾದ ಅರ್ಧದಲ್ಲಿಯೇ ಕೈಗೆ ಶಿಕ್ಷಣ ಎಂದು ನನಗೆ ತೋರುತ್ತದೆ.

ಇದನ್ನು ಓದಿದ ಯಾವ ಗೃಹಿಣಿಗಾದರೂ ಮಜ್ಜಿಗೆಯ ಗಡಿಗೆ ನೆನಪಾದೀತು. ಕಡೆಗೋಲಿಗೆ ಹಗ್ಗ ಸುತ್ತಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯುವುದೂ ಇದೇ ಚಲನೆಯೇ. ನಮ್ಮ ಭಾಷೆ ಈ ನಂಟನ್ನು ಮರೆತಿಲ್ಲ. ಮೊಸರನ್ನು ಕಡೆಯುತ್ತೇವೆ, ಬೊಂಬೆಯನ್ನೂ ಕಡೆಯುತ್ತೇವೆ, ಯಜ್ಞದ ಬೆಂಕಿಗಾಗಿ ಅರಣಿಯನ್ನೂ ಕಡೆಯುತ್ತೇವೆ. ತಮಿಳಿನಲ್ಲಿಯೂ ಬೆಣ್ಣೆ ತೆಗೆಯುವುದಕ್ಕೂ ತಿರುಗಣೆಯ ಕೆಲಸಕ್ಕೂ ಧಾತು ಒಂದೇ. ಎರಡು ಸೋದರ ಭಾಷೆಗಳಲ್ಲಿ ಒಂದೇ ಮಾತು ಒಂದೇ ಎರಡು ಕೆಲಸಗಳಿಗೆ ಅಂಟಿಕೊಂಡಿರಬೇಕಾದರೆ, ಆ ನಂಟು ತೀರ ಈಚಿನದಾಗಿರಲಾರದು. ಉಡುಪಿಯ ಕೃಷ್ಣನ ಕೈಯಲ್ಲಿರುವ ಕಡೆಗೋಲನ್ನು ಕಂಡಾಗಲೆಲ್ಲ ಈಚೆಗೆ ನನಗೆ ಅವನು ಗೊಲ್ಲರ ದೇವರಷ್ಟೇ ಅಲ್ಲ, ಬೊಂಬೆ ಕಡೆಯುವವರ ದೇವರೂ ಅನ್ನಿಸುತ್ತದೆ. ಮಠದವರು ಕ್ಷಮಿಸಬೇಕು.

ಚನ್ನಪಟ್ಟಣಕ್ಕೆ ಈ ಕಸಬನ್ನು ತಂದವನು ಟಿಪ್ಪು ಸುಲ್ತಾನನೆಂದೂ, ಪಾರಸಿಕ ದೇಶದಿಂದ ಕುಶಲಿಗಳನ್ನು ಕರೆಸಿದನೆಂದೂ ಪ್ರತೀತಿ. ತರಗತಿಯಲ್ಲಿ ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೆ. ಅದಾದ ಮೇಲೆ ಬವಾಸ್ ಮಿಯಾನ್ ಎಂಬುವರು ಜಪಾನಿನ ರೀತಿಯನ್ನು ಅಳವಡಿಸಿ ಬೊಂಬೆಗಳಿಗೆ ಹೊಸ ರೂಪ ಕೊಟ್ಟರೆಂದು ಊರಿನವರು ನೆನೆಯುತ್ತಾರೆ. ಪ್ರತೀತಿಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಮರವನ್ನು ಕಡೆದು ಅರಗು ಹಚ್ಚುವ ಕಲೆ ಕಾಶಿಯಲ್ಲಿಯೂ ಉಂಟು, ಗುಜರಾತಿನ ಸಂಖೇಡಾದಲ್ಲಿಯೂ ಉಂಟು. ಆಂಧ್ರದ ಏಟಿಕೊಪ್ಪಾಕದಲ್ಲಂತೂ ಇಲ್ಲಿ ಬಳಸುವ ಆಲೆಮರವನ್ನೇ ಅಂಕುಡು ಎಂಬ ಹೆಸರಿನಿಂದ ಬಳಸುತ್ತಾರೆ. ಇವರಿಗೆಲ್ಲ ಒಬ್ಬ ಸುಲ್ತಾನ ಗುರುಗಳನ್ನು ಕಳಿಸಿರಲಾರ. ದೊರೆ ಒಂದು ಕಸಬಿಗೆ ಆಶ್ರಯ ಕೊಡಬಹುದು, ತಿದ್ದಿಸಬಹುದು. ಅದನ್ನು ಹುಟ್ಟಿಸಿದನೆಂದು ಬರೆಯುವುದು ನಮ್ಮ ಚರಿತ್ರೆಯ ಹಳೆಯ ಚಾಳಿ. ರೈಸ್ ಸಾಹೇಬರ ೧೮೯೭ರ ಮೈಸೂರು ಗೆಜೆಟಿಯರಿನಲ್ಲಿ ಚನ್ನಪಟ್ಟಣದ ಅರಗಿನ ಸಾಮಾನು, ಆಟಿಕೆ, ವಾದ್ಯಗಳಿಗೆ ಬೇಕಾದ ಸಣ್ಣ ಉಕ್ಕಿನ ತಂತಿ, ಗಾಜಿನ ಬಳೆ ಇವುಗಳ ಹೆಸರಿದೆ. ಸಾಮಾನಿನ ಹೆಸರು ಬಂತು. ಮಾಡಿದವರ ಹೆಸರು ಬರಲಿಲ್ಲ.

ಬೇಲೂರಿಗೆ ಹೋಗಿ ನೋಡಿ. ೧೧೧೭ರ ಆ ಗುಡಿಯಲ್ಲಿ ಮದನಿಕೆಯರನ್ನು ಕಂಡರಿಸಿದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಅಲ್ಲಿಯೇ ಬಳಪದ ಕಲ್ಲಿನ ನುಣುಪಾದ ಕಂಬಗಳು ತಿರುಗಣೆಯಲ್ಲಿ ಕಡೆದಂತೆ ಬಳೆ ಬಳೆಯಾಗಿ ನಿಂತಿವೆ. ಕಲ್ಲಿಗೆ ಹೆಸರು ಹೊರುವ ಜಾಗವಿದೆ. ಗೋಲಿಯಷ್ಟು ಗುಬಟಿನಲ್ಲಿ ಯಾರು ಎಲ್ಲಿ ಸಹಿ ಹಾಕಬೇಕು? ಶಾಸನಗಳಲ್ಲಿ ಮಗ್ಗದ ತೆರಿಗೆ ಕಾಣುತ್ತದೆ, ಗಾಣದ ತೆರಿಗೆ ಕಾಣುತ್ತದೆ. ನೆಟ್ಟ ಕಡೆ ನಿಲ್ಲುವ ವಸ್ತುವನ್ನು ಅಧಿಕಾರಿ ಎಣಿಸಬಲ್ಲ. ಕಮಾನನ್ನು ಬಗಲಿಗೆ ಹಾಕಿಕೊಂಡು ಸಂತೆಯಿಂದ ಸಂತೆಗೆ ಹೋಗಬಲ್ಲವನು ಲೆಕ್ಕದಿಂದಲೂ ಜಾರುತ್ತಾನೆ, ಚರಿತ್ರೆಯಿಂದಲೂ ಜಾರುತ್ತಾನೆ.

ಗುಬಟು ಎಂಬ ವಸ್ತು ಮಾತ್ರ ಇಲ್ಲಿಗೆ ತಡವಾಗಿ ಬಂದದ್ದು. ನಮ್ಮ ಹಿರಿಯರ ಮನೆಯಲ್ಲಿದ್ದದ್ದು ಮೇಲಿನಿಂದ ಮುಚ್ಚಳ ತೆರೆಯುವ ಪೆಟ್ಟಿಗೆ. ಅದಕ್ಕೆ ಬೇಕಾದದ್ದು ಚಿಲಕ ಮತ್ತು ಬೀಗ. ಎಳೆಯುವ ಖಾನೆಗಳುಳ್ಳ ಮೇಜು ದೊರೆಗಳ ಬಂಗಲೆ ಕಚೇರಿಗಳ ಮೂಲಕ ಬಂತು. ಮಂಚದ ಕಾಲು, ಬುಗುರಿ, ಕುಂಕುಮದ ಭರಣಿ, ತೊಟ್ಟಿಲ ಗಿಲಕಿ ಕಡೆಯುತ್ತಿದ್ದ ಕೈಗೆ ಈ ಹೊಸ ಸಾಮಾನು ಕಷ್ಟವಾಗಿರಲಾರದು. ಗುಬಟೆಂದರೆ ಆಡದೆ ನಿಂತ ಬುಗುರಿ.

ಆದರೂ ಮಾಡುವ ಮರ್ಮ ಇದೆ. ಆ ಹಿರಿಯರು ಮೂಲೆಯ ಗೋಣಿಚೀಲದಿಂದ ಒಂದು ಚೂರು ಮರ ತೆಗೆದರು. ಗಿಲಕಿ ಕಡೆದಾದ ಮೇಲೆ ಲೇತಿನ ಬಾಯಲ್ಲಿ ಉಳಿಯುವ ತುದಿ ಅದು. ಇಲ್ಲದಿದ್ದರೆ ಒಲೆಗೆ ಹೋಗತಕ್ಕದ್ದು. ಮರದ ಎಳೆ ಯಾವ ಕಡೆಗೆ ಹರಿದಿದೆ ಎಂದು ಮೊದಲು ನೋಡಿದರು. ಎಳೆ ತಲೆಯಿಂದ ಬಾಲಕ್ಕೆ ಉದ್ದಕ್ಕೆ ಓಡಬೇಕು; ಅಡ್ಡಕ್ಕೆ ಓಡಿದರೆ ನಾಲ್ಕು ಸಲ ಎಳೆಯುವುದರಲ್ಲಿ ಬಾಲ ಮುರಿದು ತಲೆ ಕೈಗೆ ಬರುತ್ತದೆ. ಮರ ಚೆನ್ನಾಗಿ ಒಣಗಿರಬೇಕು. ಹಸಿಯಾದರೆ ಬಾಲ ಸೊರಗಿ ತೂತಿನಲ್ಲಿ ಅಲ್ಲಾಡುತ್ತದೆ. ಮೊದಲು ದುಂಡು, ಆಮೇಲೆ ಬಾಲ, ಕಡೆಗೆ ಕೊರಳು. ಕೊರಳಿನ ಹತ್ತಿರ ಉಳಿ ನಿಧಾನವಾಯಿತು. "ಇಷ್ಟು ತಗ್ಗಬೇಕು, ಬೆರಳು ಕೂರುವಷ್ಟು. ನಮ್ಮ ತಾತ ಕಣ್ಣು ಮುಚ್ಚಿಸಿ ಮುಟ್ಟಿಸೋರು" ಎಂದರು.

ಆಮೇಲೆ ಅರಗು. ಕನ್ನಡಿಗರಾದ ನಮಗೆ ಅರಗೆಂದರೆ ಪಾಂಡವರನ್ನು ಸುಡಲು ಕಟ್ಟಿದ ಮನೆಯೊಂದೇ ನೆನಪು. ಮಕ್ಕಳು ಬಾಯಿಗಿಡುವ ಗಿಲಕಿಯ ಮೇಲಿರುವುದೂ ಮರದ ಮೇಲಿನ ಆ ಹುಳುವಿನ ಅಂಟೇ. ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಬೆಂಕಿ ಇಲ್ಲ, ಕುಂಚ ಇಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರವನ್ನು ಹಬ್ಬಿಕೊಂಡಿತು. ಮೇಲೆ ತಾಳೆಗರಿ, ಎಂದರೆ ಕೇದಗೆಯ ಎಲೆ ಹಿಡಿದರು, ಹೊಳಪು ಬಂತು. ಎಲ್ಲಕ್ಕೂ ಹತ್ತು ನಿಮಿಷ ಹಿಡಿಯಲಿಲ್ಲ.

ಮಾತಿಗೆ ಮಾತು ಬಂದು, ಎಷ್ಟು ತಲೆಮಾರಿನ ಕಸಬು ಯಜಮಾನರೇ ಎಂದು ಕೇಳಿದೆ. "ನಾಲ್ಕು" ಎಂದರು. ತಮ್ಮ ಹೆಸರು, ತಂದೆಯ ಹೆಸರು, ತಾತನ ಹೆಸರು ಹೇಳಿ ನಿಂತರು. ಸ್ವಲ್ಪ ಹೊತ್ತು ಯೋಚಿಸಿ, "ಅವರ ಅಪ್ಪನ ಹೆಸರು ನಿಮ್ಮ ಪುಸ್ತಕದಲ್ಲಿ ಇರುತ್ತೇನು ಮೇಷ್ಟ್ರೇ?" ಎಂದು ಕೇಳಿದರು. ವ್ಯಂಗ್ಯವಲ್ಲ, ನಿಜವಾಗಿಯೇ ಕೇಳಿದರು. ಇಲ್ಲ ಎಂದೆ.

ಐದನೆಯ ತಲೆಮಾರು ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದೆಯಂತೆ. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಬಂದು ಪೇಟೆಯನ್ನು ತುಂಬಿದ ಮೇಲೆ ಎಷ್ಟೋ ಮನೆಗಳಲ್ಲಿ ಲೇತು ನಿಂತಿತು. ೨೦೦೫-೦೬ರಲ್ಲಿ ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ಒಳ್ಳೆಯದೇ ಆಯಿತು. ಆದರೆ ೨೦೨೩ರಲ್ಲಿ ತೆರೆದ ಬೆಂಗಳೂರು-ಮೈಸೂರು ಹೆದ್ದಾರಿ ಊರನ್ನು ಬದಿಗಿಟ್ಟು ಹಾದುಹೋದದ್ದರಿಂದ ಹಳೆಯ ರಸ್ತೆಯ ಅಂಗಡಿಗಳಿಗೆ ಗಿರಾಕಿಗಳೇ ಕಡಿಮೆಯಾದರು. ಈಚೆಗೆ ಮಣಿ, ಪರದೆಯ ಬಳೆ, ಬೀರುವಿನ ಗುಬಟು ಇಂಥವಕ್ಕೆ ಹೊರಗಿನಿಂದ ಬೇಡಿಕೆ ಬರುತ್ತಿದೆ. ಬೊಂಬೆ ಹೋದರೂ ಗುಬಟು ನಿಲ್ಲುತ್ತದೆ ಎಂದು ಆ ಹಿರಿಯರು ನಕ್ಕರು.

ಬೆಲೆ ಕೇಳಿದೆ. "ಚೂರು ಮರಕ್ಕೆ ಏನು ಬೆಲೆ ಹೇಳೋದು?" ಎಂದರು. ಬಲವಂತ ಮಾಡಿ ಕೊಟ್ಟೆ. ಹೊರಡುವಾಗ ಒಂದು ಕೋರಿಕೆ ಮುಂದಿಟ್ಟೆ: ಹಳೆಯದರಲ್ಲಿದ್ದಂತೆ ಹೊಸದರ ನೆತ್ತಿಗೂ ಒಂದು ಗುಳಿ ಹಾಕಿಕೊಡಿ, ಆರೂ ಒಂದೇ ತರಹ ಕಾಣಲಿ ಎಂದೆ. ಅವರು ಒಪ್ಪಲಿಲ್ಲ. "ಅದು ಮೊನೆ ಇಟ್ಟ ಗುರುತು ಸ್ವಾಮಿ. ಮೊನೆ ಇಡದೆ ಗುಳಿ ಹಾಕಿದರೆ ಸುಳ್ಳು ಹೇಳಿದ ಹಾಗೆ."

ಮನೆಗೆ ಬಂದು ಗುಬಟನ್ನು ಡ್ರಾಯರಿಗೆ ಒತ್ತಿದೆ. ಇಷ್ಟು ದಿನ ಚಾಕು ಆಡಿಸಿದ್ದರಿಂದ ತೂತು ದೊಡ್ಡದಾಗಿತ್ತು, ಬಾಲ ಸಡಿಲವಾಯಿತು. ಹಳೆಯ ಉತ್ತರಪತ್ರಿಕೆಯೊಂದರ ಖಾಲಿ ಅಂಚನ್ನು ಹರಿದು, ಬಾಲಕ್ಕೆ ಎರಡು ಸುತ್ತು ಸುತ್ತಿ, ಗೋಂದು ಹಚ್ಚಿ ಮತ್ತೆ ಒತ್ತಿದೆ. ಬಿಗಿಯಾಗಿ ಕೂತಿತು.