ಉದ್ಯೋಗ ಹುಡುಕಾಟದಲ್ಲಿ ಕೃತಕ ಬುದ್ಧಿಮತ್ತೆ

ಉದ್ಯೋಗ ಹುಡುಕಾಟದಲ್ಲಿ ಕೃತಕ ಬುದ್ಧಿಮತ್ತೆ ಎಂದರೆ ಕೆಲಸದ ಶೋಧ, ಸ್ವವಿವರ ಪತ್ರದ ರಚನೆ, ಅರ್ಜಿ ಸಲ್ಲಿಕೆ ಹಾಗೂ ಸಂದರ್ಶನದ ಸಿದ್ಧತೆಗಾಗಿ ಚಾಟ್‌ಬಾಟ್ ಮೊದಲಾದ ತಂತ್ರಾಂಶಗಳನ್ನು ಬಳಸುವ ಕ್ರಮ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದ ನಂತರ ಈ ಬಳಕೆ ವ್ಯಾಪಕವಾಯಿತು. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಸರ್ಕಾರಿ ನೇಮಕಾತಿಗೆ ವಿಶೇಷ ಮೀಸಲಾತಿ ಅನ್ವಯಿಸುವುದರಿಂದ, ಇಲ್ಲಿನ ಅಭ್ಯರ್ಥಿಗಳು ಇಂತಹ ಸಾಧನಗಳ ಉತ್ತರಗಳನ್ನು ಪರಿಶೀಲಿಸಿಯೇ ಬಳಸಬೇಕಾಗುತ್ತದೆ.

ಉಪಯೋಗಗಳು

ಖಾಸಗಿ ಸಂಸ್ಥೆಗಳಲ್ಲಿ ಅನೇಕವು ಅರ್ಜಿಗಳನ್ನು ಮೊದಲು ತಂತ್ರಾಂಶದ ಮೂಲಕ ವಿಂಗಡಿಸುತ್ತವೆ. ಉದ್ಯೋಗ ಪ್ರಕಟಣೆಯಲ್ಲಿ ಕೇಳಿರುವ ಕೌಶಲಗಳು ಅಭ್ಯರ್ಥಿಯಲ್ಲಿ ನಿಜವಾಗಿಯೂ ಇದ್ದು, ಸ್ವವಿವರ ಪತ್ರದಲ್ಲಿ ಬಿಟ್ಟುಹೋಗಿದ್ದರೆ ಅದನ್ನು ಗುರುತಿಸಲು ಕೃತಕ ಬುದ್ಧಿಮತ್ತೆ ನೆರವಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಮನವಿ ಪತ್ರವನ್ನು ತಿದ್ದಿಸಿಕೊಳ್ಳಲು, ಅಣಕು ಸಂದರ್ಶನ ನಡೆಸಲು ಹಾಗೂ ಪಠ್ಯಕ್ರಮವನ್ನು ದಿನಗಳಿಗೆ ಹಂಚಿಕೊಳ್ಳಲು ಇದನ್ನು ಬಳಸಬಹುದು.

ಮಾಡದ ಕೆಲಸ, ಪಡೆಯದ ಪ್ರಮಾಣಪತ್ರ ಮುಂತಾದವು ತಂತ್ರಾಂಶದ ಸಲಹೆಯಿಂದ ಸ್ವವಿವರ ಪತ್ರಕ್ಕೆ ಸೇರಿದರೆ ಅದಕ್ಕೆ ಅಭ್ಯರ್ಥಿಯೇ ಹೊಣೆಯಾಗುತ್ತಾನೆ. ದಾಖಲೆ ಪರಿಶೀಲನೆಯ ಹಂತದಲ್ಲಿ ಅವು ಅನರ್ಹತೆಗೆ ಕಾರಣವಾಗಬಹುದು.

371(ಜೆ) ಮತ್ತು ಅರ್ಹತೆಯ ಪ್ರಶ್ನೆ

ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಸೇರ್ಪಡೆಯಾದ 371(ಜೆ) ವಿಧಿಯು ಹೈದರಾಬಾದ್ ಕರ್ನಾಟಕ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ನೀಡಿತು. 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಮರುನಾಮಕರಣವಾಯಿತು. ಇದರ ಅನ್ವಯ ಪ್ರಾದೇಶಿಕ ವೃಂದದ ನೇಮಕಾತಿಯಲ್ಲಿ ಗ್ರೂಪ್ ಎ ಮತ್ತು ಬಿ ಹುದ್ದೆಗಳಲ್ಲಿ ಶೇ. 75, ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80 ಹಾಗೂ ಗ್ರೂಪ್ ಡಿ ಹುದ್ದೆಗಳಲ್ಲಿ ಶೇ. 85ರಷ್ಟು ಸ್ಥಾನಗಳು ಸ್ಥಳೀಯರಿಗೆ ಮೀಸಲಾಗಿವೆ.

ಈ ತಾಲ್ಲೂಕುಗಳ ಆಡಳಿತ ಗಡಿಗಳು ಹಲವು ಬಾರಿ ಬದಲಾಗಿವೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯನ್ನು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಲಾಯಿತು. ಅದು ಮುಂದೆ ಬಳ್ಳಾರಿಗೆ ಮರಳಿ, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಭಾಗವಾಯಿತು. ಕೊಟ್ಟೂರು ಹಿಂದೆ ಕೂಡ್ಲಿಗಿ ತಾಲ್ಲೂಕಿಗೆ ಸೇರಿತ್ತು. ಹಳೆಯ ಪಠ್ಯಗಳಿಂದ ಕಲಿತ ಭಾಷಾ ಮಾದರಿಯು ಹರಪನಹಳ್ಳಿಯನ್ನು ದಾವಣಗೆರೆ ಜಿಲ್ಲೆಯದೆಂದು ಭಾವಿಸಿ, ಅಲ್ಲಿನ ಅಭ್ಯರ್ಥಿಗೆ 371(ಜೆ) ಸೌಲಭ್ಯವಿಲ್ಲ ಎಂದು ಖಚಿತ ಧ್ವನಿಯಲ್ಲಿ ಹೇಳುವ ಸಾಧ್ಯತೆ ಇದೆ. ಅದನ್ನು ನಂಬಿ ಅರ್ಜಿಯಲ್ಲಿ ಮೀಸಲಾತಿಯನ್ನು ಕೋರದೆ ಬಿಟ್ಟರೆ ಅಭ್ಯರ್ಥಿ ಹುದ್ದೆಯ ಅವಕಾಶವನ್ನೇ ಕಳೆದುಕೊಳ್ಳಬಹುದು.

ಅರ್ಹತೆಯನ್ನು ನಿರ್ಧರಿಸುವುದು ಸಹಾಯಕ ಆಯುಕ್ತರು ನೀಡುವ ಪ್ರಮಾಣಪತ್ರ ಮತ್ತು ಆಯಾ ನೇಮಕಾತಿಯ ಅಧಿಸೂಚನೆ. ಅಧಿಸೂಚನೆಗಳಲ್ಲಿ ಕಲ್ಯಾಣ ಕರ್ನಾಟಕದ ಹುದ್ದೆಗಳು ಮತ್ತು ಉಳಿಕೆ ಮೂಲ ವೃಂದದ ಹುದ್ದೆಗಳು ಬೇರೆ ಬೇರೆಯಾಗಿ ನಮೂದಾಗಿರುತ್ತವೆ.

ಮಿತಿಗಳು

ಭಾಷಾ ಮಾದರಿಗಳು ಇಲ್ಲದ ಅಧಿಸೂಚನೆ, ತಪ್ಪು ಕೊನೆಯ ದಿನಾಂಕ ಅಥವಾ ವಯೋಮಿತಿಯನ್ನು ಸೃಷ್ಟಿಸಿ ಹೇಳುವುದುಂಟು. ಸ್ಕ್ಯಾನ್ ಮಾಡಿದ ಅಥವಾ ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿರುವ ಕನ್ನಡ ಪ್ರಕಟಣೆಗಳನ್ನು ನೀಡಿದಾಗ ಅಕ್ಷರ ಹಾಗೂ ಅಂಕಿಗಳು ತಪ್ಪಾಗಿ ಓದಲ್ಪಡಬಹುದು. ಆದ್ದರಿಂದ ಸಾರಾಂಶವನ್ನು ಕರ್ನಾಟಕ ಲೋಕಸೇವಾ ಆಯೋಗ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮೊದಲಾದ ಸಂಸ್ಥೆಗಳ ಮೂಲ ಪ್ರಕಟಣೆಯೊಂದಿಗೆ ಹೋಲಿಸಿ ನೋಡುವುದು ಅಗತ್ಯ.

ನೇಮಕ ಮಾಡುವವರ ಕಡೆಯ ತಂತ್ರಾಂಶಗಳಲ್ಲಿಯೂ ದೋಷಗಳಿರುತ್ತವೆ. ಮಹಿಳೆಯರ ಅರ್ಜಿಗಳಿಗೆ ಕಡಿಮೆ ಅಂಕ ನೀಡುತ್ತಿದ್ದ ಪ್ರಾಯೋಗಿಕ ಸಾಧನವೊಂದನ್ನು ಅಮೆಜಾನ್ ಸಂಸ್ಥೆ ಕೈಬಿಟ್ಟ ಸಂಗತಿ 2018ರಲ್ಲಿ ವರದಿಯಾಯಿತು. ಯುರೋಪಿಯನ್ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆ ಕಾಯ್ದೆಯು ನೇಮಕಾತಿಗೆ ಬಳಸುವ ವ್ಯವಸ್ಥೆಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ.

ಖಾಸಗಿತನ ಮತ್ತು ವಂಚನೆ

ಸ್ವವಿವರ ಪತ್ರವನ್ನು ತಿದ್ದಿಸಲು ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಅಥವಾ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಅಗತ್ಯವಿಲ್ಲ. ಇವುಗಳನ್ನು ಚಾಟ್‌ಬಾಟ್‌ಗೆ ನೀಡದಿರುವುದು ಸುರಕ್ಷಿತ.

ಕೃತಕ ಬುದ್ಧಿಮತ್ತೆಯ ನೆರವಿನಿಂದ ದೋಷರಹಿತ ಭಾಷೆಯ ನಕಲಿ ನೇಮಕಾತಿ ಪತ್ರಗಳನ್ನು ತಯಾರಿಸುವುದು ಸುಲಭವಾಗಿದೆ. ಹೀಗಾಗಿ ಕಾಗುಣಿತದ ತಪ್ಪುಗಳಿಲ್ಲ ಎಂಬುದು ಪತ್ರದ ಅಸಲಿತನಕ್ಕೆ ಸಾಕ್ಷಿಯಾಗುವುದಿಲ್ಲ. ನೋಂದಣಿ, ತರಬೇತಿ ಅಥವಾ ಭದ್ರತಾ ಠೇವಣಿಯ ಹೆಸರಿನಲ್ಲಿ ವೈಯಕ್ತಿಕ ಖಾತೆಗೆ ಹಣ ಕೇಳುವುದು ವಂಚನೆಯ ಸಾಮಾನ್ಯ ಲಕ್ಷಣ. ಹಣ ಕಳೆದುಕೊಂಡವರು ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ನೀಡಬಹುದು. 2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆ ಜಾಲತಾಣದಲ್ಲಿ ಉದ್ಯೋಗಾಕಾಂಕ್ಷಿಗಳಿಗೆ ನೋಂದಣಿ ಉಚಿತವಾಗಿದೆ.

ಇವನ್ನೂ ನೋಡಿ

- ಕೃತಕ ಬುದ್ಧಿಮತ್ತೆ
- ಕಲ್ಯಾಣ ಕರ್ನಾಟಕ
- ವಿಜಯನಗರ ಜಿಲ್ಲೆ
- ಕರ್ನಾಟಕ ಲೋಕಸೇವಾ ಆಯೋಗ