ಬೀಡಿಯ ಲೆಕ್ಕ, ಹೆಣ್ಣಿನ ಕೂಲಿ



ಒಂದೇ ಕೆಲಸಕ್ಕೆ ಗಂಡಸಿಗೆ ಹೆಚ್ಚು, ಹೆಂಗಸಿಗೆ ಕಡಿಮೆ ಸಂಬಳ ಕೊಡುವುದು ಸರಿಯೇ? ಯಾರನ್ನು ಕೇಳಿದರೂ "ಸರಿಯಲ್ಲ" ಎಂದೇ ಹೇಳುತ್ತಾರೆ. 2022ರಲ್ಲಿ ಭಾರತದ ಕ್ರಿಕೆಟ್ ಮಂಡಳಿಯು ಗುತ್ತಿಗೆಯಲ್ಲಿರುವ ಮಹಿಳಾ ಆಟಗಾರರಿಗೂ ಪುರುಷರಷ್ಟೇ ಪಂದ್ಯ ಶುಲ್ಕ ಕೊಡುವುದಾಗಿ ಪ್ರಕಟಿಸಿದಾಗ ಎಲ್ಲರೂ ಮೆಚ್ಚಿಕೊಂಡೆವು. ಆದರೆ ಗುರುವಾಯನಕೆರೆಯಿಂದ ವೇಣೂರಿನ ಕಡೆಗೋ ಬೆಳ್ತಂಗಡಿಯ ಕಡೆಗೋ ಹೋಗುವಾಗ, ಮನೆಯ ಜಗಲಿಯಲ್ಲಿ ಮಡಿಲಿಗೆ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುವ ತಾಯಂದಿರನ್ನು ಕಂಡಾಗ ಈ ಪ್ರಶ್ನೆ ನಮಗೆ ನೆನಪಾಗುವುದಿಲ್ಲ. ಸಮಾನ ವೇತನದ ಚರ್ಚೆಯ ಒಂದು ದೊಡ್ಡ ಅಧ್ಯಾಯ ಇರುವುದು ಆ ಜಗಲಿಯಲ್ಲಿಯೇ.

ಕಾನೂನು ನಡೆದು ಬಂದ ದಾರಿ

ನಮ್ಮ ಸಂವಿಧಾನದ 39ನೆಯ ವಿಧಿಯ (ಡಿ) ಖಂಡವು ಸ್ತ್ರೀ ಪುರುಷರಿಬ್ಬರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ದೊರೆಯಬೇಕೆಂದು ಸರಕಾರಕ್ಕೆ ನಿರ್ದೇಶನ ನೀಡುತ್ತದೆ. 1951ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ತನ್ನ 100ನೆಯ ಒಪ್ಪಂದವನ್ನು ಅಂಗೀಕರಿಸಿತು. 1958ರಲ್ಲಿ ಭಾರತವೂ ಅದನ್ನು ಒಪ್ಪಿತು. 1975ರಲ್ಲಿ ಸುಗ್ರೀವಾಜ್ಞೆಯಾಗಿ ಬಂದ ಸಮಾನ ವೇತನ ಕಾನೂನು 1976ರಲ್ಲಿ ಕಾಯಿದೆಯಾಯಿತು. 1987ರಲ್ಲಿ ಆಡ್ರಿ ಡಿಕೋಸ್ಟಾ ಎಂಬ ಮಹಿಳಾ ಸ್ಟೆನೋಗ್ರಾಫರ್ ಮೆಕಿನನ್ ಮೆಕೆಂಜಿ ಕಂಪೆನಿಯ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಕೊಡಲು ಶಕ್ತಿ ಇಲ್ಲ ಎಂಬ ನೆಪ ಸಮಾನ ವೇತನದ ವಿಷಯದಲ್ಲಿ ನಡೆಯದು ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. 1951ರ ಒಪ್ಪಂದ ಹೇಳಿದ್ದು ಸಮಾನ "ಮೌಲ್ಯ"ದ ಕೆಲಸದ ಬಗ್ಗೆ. ನಮ್ಮ 1976ರ ಕಾಯಿದೆ ಹೇಳಿದ್ದು "ಅದೇ ಕೆಲಸ ಅಥವಾ ಅದೇ ಬಗೆಯ ಕೆಲಸ"ದ ಬಗ್ಗೆ. ಅಂದರೆ ಹೋಲಿಕೆಗೆ ಅದೇ ಮಾಲಿಕನಲ್ಲಿ ಅದೇ ಕೆಲಸ ಮಾಡುವ ಒಬ್ಬ ಗಂಡಸು ಬೇಕು. ಒಂದು ಕೆಲಸವನ್ನು ಹೆಂಗಸರೇ ಮಾಡುವಂತಾದರೆ ಹೋಲಿಸುವುದು ಯಾರೊಡನೆ? ಬೀಡಿಯ ಇತಿಹಾಸ ಕೇಳುವ ಪ್ರಶ್ನೆ ಇದೇ.

ಶೆಡ್ಡಿನಿಂದ ಜಗಲಿಗೆ

ನಮ್ಮ ನೆರೆಯ ಕಣ್ಣೂರಿನಲ್ಲಿ ಬೀಡಿ ಕಟ್ಟುತ್ತಿದ್ದವರು ಹೆಚ್ಚಾಗಿ ಗಂಡಸರು. ಶೆಡ್ಡಿನಲ್ಲಿ ಸಾಲಾಗಿ ಕುಳಿತು ಕಟ್ಟುತ್ತಿದ್ದರು. ಒಬ್ಬ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೆಲಸ ಮಾಡುತ್ತಾ ಕೇಳುತ್ತಿದ್ದರು. ಅಲ್ಲಿ ಸಂಘ ಬೆಳೆಯಿತು, ಕೂಲಿಯ ಬೇಡಿಕೆ ಬೆಳೆಯಿತು.

1966ರಲ್ಲಿ ಕೇಂದ್ರ ಸರಕಾರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ತಂದಿತು. ಕೆಲಸದ ಅವಧಿ, ರಜೆ ಸಂಬಳ, ಹೆರಿಗೆ ಸೌಲಭ್ಯಗಳನ್ನೆಲ್ಲ ಅದು ಹೇಳಿತು. 1968ರಲ್ಲಿ ಕೇರಳ ಅದನ್ನು ಜಾರಿಗೆ ತರಲು ಮುಂದಾದಾಗ ಮಂಗಳೂರು ಗಣೇಶ್ ಬೀಡಿ ಸಂಸ್ಥೆಯು ಅಲ್ಲಿನ ತನ್ನ ಶೆಡ್ಡುಗಳನ್ನು ಮುಚ್ಚಿತು. ಸುಮಾರು 12,000 ಮಂದಿ ಕೆಲಸ ಕಳೆದುಕೊಂಡರು. ಅವರಿಗಾಗಿ 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು.

ನಮ್ಮ ಜಿಲ್ಲೆಯಲ್ಲಿ ನೆಲೆಯೂರಿದ್ದು ಮನೆಕೆಲಸದ ಪದ್ಧತಿ. ಕಂಪೆನಿಯು ಗುತ್ತಿಗೆದಾರನಿಗೆ ಎಲೆ ಮತ್ತು ಹೊಗೆಸೊಪ್ಪು ಕೊಡುತ್ತದೆ. ಹೆಂಗಸರು ಅದನ್ನು ಬ್ರಾಂಚಿನಿಂದ ಮನೆಗೆ ತಂದು, ಕಟ್ಟಿ, ಬೀಡಿಯನ್ನು ಬ್ರಾಂಚಿಗೆ ಒಪ್ಪಿಸುತ್ತಾರೆ. ಮನೆ ಬಿಟ್ಟು ಹೋಗಬೇಕಾಗಿಲ್ಲ, ಮಕ್ಕಳನ್ನೂ ಒಲೆಯನ್ನೂ ನೋಡಿಕೊಳ್ಳಬಹುದು ಎಂಬ ಕಾರಣಕ್ಕೆ ಬ್ಯಾರಿ ಮನೆಗಳಲ್ಲಿಯೂ ಇತರ ಸಮುದಾಯಗಳ ಮನೆಗಳಲ್ಲಿಯೂ ಈ ಕೆಲಸ ಹರಡಿತು. ಎಷ್ಟೋ ಮದುವೆ, ಎಷ್ಟೋ ಮಕ್ಕಳ ಶಾಲೆಯ ಶುಲ್ಕ ಈ ದುಡ್ಡಿನಿಂದಲೇ ನಡೆದಿದೆ. ಆದರೆ ಮನೆಯಲ್ಲಿ ಒಬ್ಬಳೇ ಕುಳಿತವಳಿಗೆ ಪತ್ರಿಕೆ ಓದಿ ಹೇಳುವವರಿರಲಿಲ್ಲ, ದರದ ಬಗ್ಗೆ ಜೊತೆಗೂಡಿ ಮಾತಾಡುವವರಿರಲಿಲ್ಲ.

ಸಾವಿರಕ್ಕೆ ಒಂದೇ ದರ, ಆದರೂ...

ಬೀಡಿಯ ಕೂಲಿ ಸಾವಿರಕ್ಕೆ ಇಂತಿಷ್ಟು ಎಂದು ನಿಗದಿಯಾಗಿರುತ್ತದೆ. ಕಟ್ಟಿದವರು ಗಂಡಸಾದರೂ ಹೆಂಗಸಾದರೂ ದರ ಒಂದೇ. ಹಾಗಾದರೆ ತಾರತಮ್ಯ ಎಲ್ಲಿದೆ?

ಎಲೆ ನೆನೆಸಬೇಕು, ಅಳತೆಗೆ ಕತ್ತರಿಸಬೇಕು, ಹೊಗೆಸೊಪ್ಪು ತುಂಬಿ ಸುರುಟಬೇಕು, ನೂಲು ಸುತ್ತಬೇಕು, ತುದಿ ಮಡಚಬೇಕು. ಇದರಲ್ಲಿ ಮಗಳ ಕೈಯೂ ಅತ್ತೆಯ ಕೈಯೂ ಸೇರುತ್ತದೆ. ಪುಸ್ತಕದಲ್ಲಿರುವ ಹೆಸರು ಮಾತ್ರ ಒಂದು. ಕೊಟ್ಟ ಎಲೆ ಹಾಳಾಗಿದ್ದರೆ ಕೊರತೆಯನ್ನು ಕಟ್ಟುವವಳೇ ತುಂಬಬೇಕಾಗುತ್ತದೆ. ಬೀಡಿ ಸರಿಯಿಲ್ಲವೆಂದು ಬ್ರಾಂಚಿನಲ್ಲಿ ತೆಗೆದಿಟ್ಟರೆ ಆ ಶ್ರಮಕ್ಕೆ ಕೂಲಿ ಇಲ್ಲ. ಹೀಗೆ ದರ ಸಮಾನವಾಗಿದ್ದರೂ ದುಡಿದ ಹೊತ್ತಿಗೆ ಸಿಗುವ ಹಣ ಕಡಿಮೆಯಾಗುತ್ತದೆ. ಗದ್ದೆ ತೋಟಗಳಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಎಂಬ ರೂಢಿ ಕಣ್ಣಿಗೆ ಕಾಣುತ್ತದೆ. ಬೀಡಿಯಲ್ಲಿ ಅದು ಲೆಕ್ಕದೊಳಗೆ ಅಡಗಿಕೊಂಡಿದೆ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. 1968ರಲ್ಲಿ ಇಂಗ್ಲೆಂಡಿನ ಡ್ಯಾಗನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟು ಹೊಲಿಯುವ ಹೆಂಗಸರು ಮುಷ್ಕರ ಹೂಡಿದರು. ಹೊಲಿಗೆಯನ್ನು ಕೌಶಲವಿಲ್ಲದ ಕೆಲಸವೆಂದು ಕೆಳಗಿನ ದರ್ಜೆಗೆ ಹಾಕಿದ್ದೇ ಅವರ ದೂರು. ಆ ಮುಷ್ಕರ 1970ರ ಬ್ರಿಟಿಷ್ ಸಮಾನ ವೇತನ ಕಾಯಿದೆಗೆ ದಾರಿಯಾಯಿತು. ಆದರೆ ಹೊಲಿಗೆಗೆ ಕುಶಲ ಕೆಲಸದ ದರ್ಜೆ ಸಿಕ್ಕಲು 1984ರಲ್ಲಿ ಮತ್ತೊಂದು ಮುಷ್ಕರ ಬೇಕಾಯಿತು. ಹೆಂಗಸರ ಕೈಯಲ್ಲಿರುವ ವಿದ್ಯೆಯನ್ನು ವಿದ್ಯೆಯೆಂದು ಒಪ್ಪಿಸುವುದೇ ಕಷ್ಟದ ಕೆಲಸ.

ನ್ಯಾಯಾಲಯದ ಉತ್ತರ

ಮಾಲಿಕರ ವಾದ ಹೀಗಿತ್ತು: ಮನೆಯಲ್ಲಿ ಬಿಡುವಾದಾಗ ಬೀಡಿ ಕಟ್ಟುವವರ ಮೇಲೆ ನಮ್ಮ ಉಸ್ತುವಾರಿ ಇಲ್ಲ, ಆದ್ದರಿಂದ ಅವರು ನಮ್ಮ ನೌಕರರಲ್ಲ. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1966ರ ಕಾಯಿದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಬೀಡಿ ಉದ್ಯಮಕ್ಕೆ ಭವಿಷ್ಯನಿಧಿ ವಿಸ್ತರಣೆಯಾದಾಗ ಅದೇ ವಾದ ಮತ್ತೆ ಎದ್ದಿತು. 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ ನ್ಯಾಯಾಲಯ ಕೊಟ್ಟ ಉತ್ತರ ಮನನ ಮಾಡುವಂತಹದ್ದು. ಕಟ್ಟಿದ ಬೀಡಿಯನ್ನು ತಿರಸ್ಕರಿಸುವ ಹಕ್ಕು ಮಾಲಿಕನಿಗೆ ಇದೆಯೆಂದ ಮೇಲೆ ಅದೇ ಅವನ ಉಸ್ತುವಾರಿ. ಆದ್ದರಿಂದ ಮನೆಯಲ್ಲಿ ಕಟ್ಟುವವರೂ ನೌಕರರೇ, ಅವರಿಗೂ ಭವಿಷ್ಯನಿಧಿ ಸಲ್ಲಬೇಕು. ಯಾವ ತಿರಸ್ಕಾರದಿಂದ ಹೆಂಗಸರ ಕೂಲಿ ಕಡಿತವಾಗುತ್ತಿತ್ತೋ ಅದೇ ತಿರಸ್ಕಾರ ಅವರ ಹಕ್ಕಿಗೆ ಆಧಾರವಾಯಿತು!

2019ರ ವೇತನ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದು 1976ರ ಸಮಾನ ವೇತನ ಕಾಯಿದೆಯ ಸ್ಥಾನವನ್ನು ಪಡೆದಿದೆ. ಅದರಲ್ಲಿಯೂ ಹೋಲಿಕೆ ಇರುವುದು ಅದೇ ಕೆಲಸ ಅಥವಾ ಅದೇ ಬಗೆಯ ಕೆಲಸಕ್ಕೇ. ಹೆಂಗಸರೇ ತುಂಬಿರುವ ಕೆಲಸಗಳ ಬೆಲೆ ಎಷ್ಟು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಹಲವರ ತಾಯಿ, ಅಜ್ಜಿ ಬೀಡಿ ಕಟ್ಟಿದವರು. ಬೀಡಿ ಕಾರ್ಮಿಕರ ಮಕ್ಕಳಿಗಿರುವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದವರೂ ನಿಮ್ಮಲ್ಲಿ ಇರಬಹುದು. ಆ ಉದ್ಯಮ ಇಂದು ಇಳಿಮುಖವಾಗಿದೆ. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಅದು ಬೆಳೆಯಲಿ ಎಂದು ಹಾರೈಸಲೂ ಆಗದು. ಆದರೆ ದುಡಿದವರ ಲೆಕ್ಕ ಅಳಿಸಿ ಹೋಗಬಾರದು. ಮನೆಯಲ್ಲಿರುವ ಬೀಡಿ ಪುಸ್ತಕ, ಗುರುತಿನ ಚೀಟಿ, ಭವಿಷ್ಯನಿಧಿಯ ಕಾಗದಗಳನ್ನು ತೆಗೆದು ನೋಡಿ. ಹೆಸರು ಸರಿಯಿದೆಯೇ, ಜನ್ಮ ದಿನಾಂಕ ಸರಿಯಿದೆಯೇ, ಬರಬೇಕಾದ ಪಿಂಚಣಿ ಬಂದಿದೆಯೇ ಎಂದು ಓದಿ ಹೇಳಿ. ನಾಳೆ ನೀವು ಶಾಲೆ, ಆಸ್ಪತ್ರೆ, ಅಂಗಡಿಗಳಲ್ಲಿ ಕೆಲಸಕ್ಕೆ ಸೇರುವಾಗ ನೇಮಕಾತಿಯನ್ನೂ ಸಂಬಳವನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ನಮ್ಮ ಸಂಸ್ಥೆಗಳನ್ನು ನಡೆಸುವ ಹಿರಿಯರೂ "ಹೆಣ್ಣುಮಗಳಿಗೆ ಇಷ್ಟು ಸಾಕು" ಎಂಬ ಮಾತು ನಮ್ಮ ಸಂಬಳದ ಪಟ್ಟಿಯಲ್ಲಿ ಎಲ್ಲಿಯಾದರೂ ಅಡಗಿದೆಯೇ ಎಂದು ಒಮ್ಮೆ ಪರಿಶೀಲಿಸಬೇಕು. ನಾವು ಪಡೆಯುವ ವಿದ್ಯೆ ನಮ್ಮ ತಾಯಂದಿರ ಲೆಕ್ಕವನ್ನು ಸರಿಪಡಿಸಲು ಉಪಯೋಗವಾಗಲಿ.